ಬೇಗ ತಳ ಕಾಣುವ ಪಾತ್ರೆ

ಬೆಳಕು ಇನ್ನೂ ಸರಿಯಾಗಿ ಕಣ್ಣುಜ್ಜಿಕೊಂಡಿಲ್ಲ. ಸಿದ್ಧ ಉಡುಪು ಕಾರ್ಖಾನೆಯ ಹಿಂಬದಿಯ ಕ್ಯಾಂಟೀನಿನಲ್ಲಿ ಒಂದು ದೀಪ, ಒಂದು ನಲ್ಲಿ ಮತ್ತು ಒಂದು ಗಂಟಲು ಮಾತ್ರ ಎಚ್ಚರವಾಗಿವೆ. ಗಂಟಲು ಸೌಟಕ್ಕನದು. ನೆನೆಹಾಕಿದ ಕಡಲೆಕಾಳನ್ನು ಬೊಗಸೆಯಲ್ಲೆತ್ತಿ, ಒಂದನ್ನು ಹಿಸುಕಿ ನೋಡಿ, "ಏನಮ್ಮ, ಮೈ ತುಂಬಿಕೊಂಡಿದ್ದೀಯ! ನಿದ್ದೆ ಚೆನ್ನಾಗಿ ಬಂತಾ?" ಎಂದು ವಿಚಾರಿಸುತ್ತಾರೆ. ಕಾಳು ಸುಮ್ಮನಿದ್ದರೆ ಅದರ ಪರವಾಗಿ ಕೀಚಲು ದನಿಯಲ್ಲಿ ತಾವೇ ಉತ್ತರ ಕೊಡುತ್ತಾರೆ. "ಎಲ್ಲಿ ನಿದ್ದೆ ಅಕ್ಕಾ, ರಾತ್ರಿಯೆಲ್ಲ ನೀರಲ್ಲೇ ಕೂರಿಸಿದ್ರಿ."

ಇಂಥವರನ್ನು ಎಲೆಮರೆಯ ಕಾಯಿ ಎನ್ನುವುದು ಪತ್ರಿಕೆಗಳ ವಾಡಿಕೆ. ಆ ಮಾತು ಕೇಳಿದರೆ ಸೌಟಕ್ಕ ಹೊಟ್ಟೆ ಹಿಡಿದು ನಗುತ್ತಾರೆ. "ನಾನು ಎಲೇನೂ ಹೆಚ್ತೀನಿ, ಕಾಯೀನೂ ಹೆಚ್ತೀನಿ. ಇನ್ನು ಮರೆ ಎಲ್ಲಿ ಉಳೀತು?"

ಹೆಚ್ಚುವುದೂ ಸಣ್ಣ ಕೆಲಸವಲ್ಲ. ಮಧ್ಯಾಹ್ನಕ್ಕೆ ಮುನ್ನೂರು ಚಿಲ್ಲರೆ ತಟ್ಟೆಗಳು ಸಾಲು ನಿಲ್ಲುತ್ತವೆ. ಸೊಪ್ಪೇ ಬುಟ್ಟಿಗಟ್ಟಲೆ ಬೇಕು. ಸೌಟಕ್ಕ ಇಲ್ಲಿಗೆ ಬಂದದ್ದು ಪಾತ್ರೆ ತೊಳೆಯಲು. ಒದ್ದೆ ನೆಲದ ಮೇಲೆ ವರ್ಷಗಟ್ಟಲೆ ನಿಂತು ಮಂಡಿಗಳು ಮುನಿಸಿಕೊಂಡಿವೆ. ಹಳೆಯ ಅಡುಗೆಯವನು ಒಂದು ಬೆಳಗ್ಗೆ ಹೇಳದೆ ಕೇಳದೆ ಕೈಕೊಟ್ಟಾಗ, ತೊಳೆಯುತ್ತಿದ್ದ ಸೌಟನ್ನೇ ಹಿಡಿದು ಒಲೆಯ ಮುಂದೆ ನಿಂತರು. ಮತ್ತೆ ಕೆಳಗಿಡಲಿಲ್ಲ. ಹೆಸರು ಹಾಗೆ ಅಂಟಿಕೊಂಡಿತು. ಮುಂಗೈ ತುಂಬ ಎಣ್ಣೆ ಸಿಡಿದ ಚುಕ್ಕೆಗಳಿವೆ. "ಕರಿದ ಆಲೂಗೆಡ್ಡೆಗೆ ಬಂದ ಬಹುಮಾನಗಳು ಇವು," ಎಂದು ತೋರಿಸುತ್ತಾರೆ.

ಆ ಆಲೂಗೆಡ್ಡೆಯ ಮೇಲೆ ಸೌಟಕ್ಕನಿಗೆ ಬಹಳ ಅಭಿಮಾನವಿತ್ತು. ಅದಕ್ಕೆ ಮೊದಲು ಕಲ್ಲು ಹಾಕಿದವರು, ವಾರಕ್ಕೊಮ್ಮೆ ಕಾರ್ಖಾನೆಗೆ ಬರುವ ಲೇಡಿ ಡಾಕ್ಟರು. ಹೊಲಿಗೆಯ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿತ್ತು. ಗಲ್ಲದ ಮೇಲೆ ಕೂದಲು, ಮುಖದ ತುಂಬ ಮೊಡವೆ, ಏರುತ್ತಲೇ ಇರುವ ತೂಕ. ತಪಾಸಣೆ ಮಾಡಿಸಿದಾಗ ಅದು ಪಿ.ಸಿ.ಓ.ಎಸ್., ಅಂದರೆ ಅಂಡಾಶಯ ಮತ್ತು ಹಾರ್ಮೋನುಗಳ ತೊಂದರೆ ಎಂದು ಗೊತ್ತಾಯಿತು. ಹೆಣ್ಣುಮಕ್ಕಳು ಅದನ್ನು ಎಷ್ಟು ಮೆಲ್ಲಗೆ ಹೇಳುತ್ತಿದ್ದರೆಂದರೆ ಸೌಟಕ್ಕ ಬಹಳ ದಿನ ಅದನ್ನು 'ಪಿಸು-ಓಎಸ್' ಎಂದೇ ಕರೆದರು.

ಡಾಕ್ಟರು ಅಡುಗೆಮನೆಗೇ ಬಂದದ್ದನ್ನು ಸೌಟಕ್ಕ ಅಭಿನಯಿಸಿಯೇ ತೋರಿಸಬೇಕು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ದನಿಗೆ ಇಸ್ತ್ರಿ ಹಾಕಿ ಶುರುಮಾಡುತ್ತಾರೆ. "ನೋಡೀಮ್ಮ, ಇನ್ಸುಲಿನ್ ಹೇಳಿದ ಮಾತನ್ನ ಇವರಲ್ಲಿ ತುಂಬಾ ಜನರ ಮೈ ಕೇಳಲ್ಲ. ಕೇಳಲ್ಲ ಅಂತ ಮೈ ಇನ್ನಷ್ಟು ಇನ್ಸುಲಿನ್ ಮಾಡುತ್ತೆ. ಅದು ಹಾರ್ಮೋನುಗಳನ್ನ ಏರುಪೇರು ಮಾಡುತ್ತೆ. ಬಿಳಿ ಬ್ರೆಡ್ಡು, ಸಕ್ಕರೆ, ಕರಿದದ್ದು ಕಡಿಮೆ ಮಾಡಿ. ಕಾಳು, ಸೊಪ್ಪು, ಹಣ್ಣು, ಮೀನು, ಒಂದು ಹಿಡಿ ಬಾದಾಮಿ, ಆಲಿವ್ ಎಣ್ಣೆ ಕೊಡಿ. ಮೆಡಿಟರೇನಿಯನ್ ಸಮುದ್ರದ ಸುತ್ತಿನವರ ಊಟದ ಕ್ರಮ ಇದು. ವಾಸಿಯಾಗುತ್ತೆ ಅಂತ ನಾನು ಹೇಳಲ್ಲ. ಸಹಾಯ ಆಗಬಹುದು. ಮಾತ್ರೆ ಬಿಡೋ ಹಾಗಿಲ್ಲ." ಕನ್ನಡಕ ಕಳಚಿ ತಮ್ಮ ದನಿಗೆ ಮರಳುತ್ತಾರೆ. "ಮೆಡಿ ಅಂದಿದ್ದಕ್ಕೆ ನಾನು ಔಷಧಿ ಅಂದ್ಕೊಂಡಿದ್ದೆ. ನೋಡಿದ್ರೆ ಸಮುದ್ರ!"

ಮೊದಲ ಪ್ರಯೋಗ ನಡೆದದ್ದು ಮನೆಯಲ್ಲಿ, ಗಂಡನ ಮೇಲೆ. ಅವರು ನಿವೃತ್ತ ಬಸ್ ಡ್ರೈವರು. ಹಸಿ ಟೊಮೆಟೊ, ಬೆಂದ ಕಾಳು, ಪಾಲಕ್ ಮೇಲೆ ಹಸಿರು ಬಣ್ಣದ ಎಣ್ಣೆ ಸುರಿಯುವುದನ್ನು ಕಂಡು, "ಲೇ, ಇದು ನನಗೆ ಹಾಕೋದಾ, ಎಂಜಿನ್‌ಗಾ?" ಎಂದರಂತೆ. ತಟ್ಟೆ ಖಾಲಿ ಮಾಡಿದ ಮೇಲೆ, "ಪಿಕಪ್ ಪರವಾಗಿಲ್ಲ," ಎಂದು ಒಪ್ಪಿಗೆಯ ಮೊಹರು ಒತ್ತಿದರು.

ಇಲ್ಲಿಂದ ಮುಂದಿನ ಎಡವಟ್ಟು ಸೌಟಕ್ಕನ ಸ್ವಂತದ್ದು. ಡಾಕ್ಟರು ಹೇಳಿದ ಹೆಣ್ಣುಮಕ್ಕಳಿಗೆಂದೇ ಊಟದ ಮನೆಯ ಮೂಲೆಯಲ್ಲಿ ಪ್ರತ್ಯೇಕ ಮೇಜು ಹಾಕಿಸಿದರು. ಅದಕ್ಕೊಂದು ಹೂವಿನ ಬಟ್ಟೆ, ಗಾಜಿನ ಲೋಟದಲ್ಲಿ ಒಂದು ಹೂವು. "ಮದುಮಗಳನ್ನ ಸಿಂಗರಿಸಿದ ಹಾಗೆ ಸಿಂಗರಿಸಿದ್ದೆ ಕಣ್ರೀ. ಒಂದು ನೊಣ ಕೂಡ ಕೂರಲಿಲ್ಲ."

ಕೂರುವುದು ಹೇಗೆ? ಅಲ್ಲಿ ಕೂತರೆ ಇಡೀ ಕಾರ್ಖಾನೆಗೆ ವಿಷಯ ಡಂಗುರ ಹೊಡೆದಂತೆ. ಎಲ್ಲರಿಗಿಂತ ಹೆಚ್ಚು ಮುದುಡಿಕೊಂಡವಳು ಗುಂಡಿ. ಅಂಗಿಗೆ ಗುಂಡಿ ಹಾಕುವ ವಿಭಾಗದ ಹುಡುಗಿ, ಹಾಗಾಗಿ ಆ ಅಡ್ಡಹೆಸರು. ಮೈ ಬಂದ ಮೇಲೆ ಯಾರು ಹಾಗೆ ಕರೆದರೂ ತನ್ನ ಗಾತ್ರವನ್ನೇ ಆಡಿಕೊಂಡರು ಅನಿಸುತ್ತಿತ್ತು ಅವಳಿಗೆ. ಆ ಮೇಜಿನ ಭಯಕ್ಕೆ ಊಟದ ಮನೆಗೆ ಬರುವುದನ್ನೇ ಬಿಟ್ಟಳು. ಚಹಾ, ಬಿಸ್ಕತ್ತು, ಅಷ್ಟೇ. ಹುಡುಗಿ ದಿನೇ ದಿನೇ ಬಾಡುತ್ತಿರುವುದು ಸೌಟಕ್ಕನ ಕಣ್ಣಿಗೆ ಬಿತ್ತು. "ಒಳ್ಳೇದು ಮಾಡೋಕೆ ಹೋಗಿ ಆ ಮಗೂನ ಉಪವಾಸ ಕೆಡವಿದ್ನಲ್ಲ ಅಂತ ನನ್ನ ಗಂಟಲಲ್ಲೂ ತುತ್ತು ಇಳೀಲಿಲ್ಲ."

ಮೇಜನ್ನು ಅಂದೇ ಎತ್ತಿಸಿದರು. ಮಾರನೆಯ ದಿನದಿಂದ ಡಾಕ್ಟರು ಹೇಳಿದ ಆ ಕಾಳು-ಸೊಪ್ಪಿನ ಅಡುಗೆ ಎಲ್ಲರ ಸಾಲಿನ ಮೊಟ್ಟಮೊದಲಿಗೆ ಬಂತು. ಕರಿದ ಆಲೂಗೆಡ್ಡೆ ಕೊನೆಗೆ ಹೋಯಿತು. ಕ್ಯಾಂಟೀನು ನಡೆಸಿದವರಿಗೆ ಒಂದು ಗುಟ್ಟು ಗೊತ್ತು, ಬೇಗ ಮುಗಿಯುವುದೇ ರುಚಿಯಾದದ್ದು ಎಂದು ಜನ ನಂಬುತ್ತಾರೆ. ಹಾಗಾಗಿ ಸೌಟಕ್ಕ ಬೇಕೆಂದೇ ಕಮ್ಮಿ ಹೊರಗಿಟ್ಟರು. ಮೊದಲ ಕೆಲವರಿಗೆ ಬಡಿಸಿ, ಪಾತ್ರೆಗೆ ಸೌಟನ್ನು ಟಣ್ಣೆಂದು ಬಡಿದು, "ಮುಗೀತು! ನಾಳೆ ಬೇಗ ಬನ್ನಿ!" ಎಂದು ಕೂಗಿದರು. ನಿಜವಾಗಿ ಅರ್ಧ ಪಾತ್ರೆ ಕೆಳಗೆ ಅವಿತಿರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಕಟಿಂಗ್ ವಿಭಾಗದವರು ಓಡಿಬರತೊಡಗಿದರು. ಎಲ್ಲರೂ ತಿನ್ನುವ ಊಟಕ್ಕೆ ನಾಚಿಕೆ ಏನು? ಗುಂಡಿಯೂ ತಟ್ಟೆ ಹಿಡಿದು ಬಂದಳು. ಅವಿತಿಟ್ಟ ಪಾತ್ರೆಯಿಂದ ಅವಳಿಗೆ ಧಾರಾಳವಾಗಿ ಬಡಿಸಿದರು.

ಆದರೆ ಸುಳ್ಳು ಸುಳ್ಳೇ ಮುಗಿಯುತ್ತಿದ್ದದ್ದು ಒಂದು ದಿನ ನಿಜವಾಗಿ ಮುಗಿಯಿತು. ಅಂಗಿಗೆ ಗುಂಡಿ ಬೀಳುವುದೇ ಕೊನೆಗೆ, ಆ ವಿಭಾಗಕ್ಕೆ ಊಟದ ಬಿಡುವೂ ಕೊನೆಗೆ. ಗುಂಡಿ ಬಂದಾಗ ಮೇಲಿನ ಪಾತ್ರೆ ಖಾಲಿ, ಕೆಳಗಿನದೂ ಖಾಲಿ.

"ಮುಗೀತು ಕಂದಾ," ಎಂದರು ಸೌಟಕ್ಕ. ಈ ಸಲ ದನಿ ಏಳಲಿಲ್ಲ.

ಗುಂಡಿ ಪಾತ್ರೆಯೊಳಗೆ ಇಣುಕಿದಳು. ತುಂಬಿದ ತಟ್ಟೆಗಳ ಮುಂದೆ ಕೂತ ಕಟಿಂಗ್‌ನವರ ಕಡೆ ತಿರುಗಿದಳು. ತಟ್ಟೆಯನ್ನು ಕಟ್ಟೆಗೆ ಕುಕ್ಕಿದಳು. "ಅಕ್ಕಾ, ಡಾಕ್ಟರ್ ಇದನ್ನ ತಿನ್ನು ಅಂದಿದ್ದು ನನಗೆ! ಪಿ.ಸಿ.ಓ.ಎಸ್. ಇರೋದು ನನಗೆ! ಇವರಿಗೇನು ಬಂದಿದೆ ದಾಡಿ?"

ಹೊಲಿಗೆ ಯಂತ್ರಗಳೆಲ್ಲ ಒಮ್ಮೆಲೇ ನಿಂತ ಹಾಗಾಯಿತು. ತಾನು ಹೇಳಿದ್ದು ತನಗೇ ಕೇಳಿಸಿ ಗುಂಡಿಯ ಕೈ ಬಾಯಿಗೆ ಹೋಯಿತು. ಆಗ ಕಟಿಂಗ್‌ನ ಮೇಜಿನಿಂದ ಒಬ್ಬಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ, "ನನಗೂ ಅದೇ ದಾಡಿ ಕಣೇ. ಮತ್ತೆ ಯಾಕೆ ಓಡಿಬರ್ತೀನಿ ಅಂದ್ಕೊಂಡೆ?" ಎಂದಳು. ಇಸ್ತ್ರಿ ಕಡೆಯಿಂದ ಒಂದು ಕೈ ಎದ್ದಿತು. ಪ್ಯಾಕಿಂಗ್ ಕಡೆಯಿಂದ ಇನ್ನೆರಡು. ಕೊನೆಗೆ ಗಡಿಯಾರ ಹಿಡಿದು ಎಲ್ಲರ ಬಿಡುವು ಅಳೆಯುವ, ನಕ್ಕರೆ ಹೊಲಿಗೆ ಬಿಟ್ಟೀತು ಎನ್ನುವಂಥ ಮುಖದ ಸೂಪರ್‌ವೈಸರ್ ಮೇಡಂ ಎದ್ದು ನಿಂತರು. ಗೊಗ್ಗರು ದನಿ. ಸೌಟಕ್ಕನ ಬಾಯಲ್ಲಿ ಅದು ಅಚ್ಚೊತ್ತಿದ ಹಾಗೆ ಬರುತ್ತದೆ: "ನನಗೆ ನಿಮ್ಮೆಲ್ಲರಿಗಿಂತ ಮುಂಚಿಂದ ಇದೆ. ಇಲ್ಲೂ ಸೀನಿಯರ್ ನಾನೇ. ಬಾರೇ, ನನ್ನ ತಟ್ಟೇಲಿ ಅರ್ಧ ತಗೋ. ಬಿಡುವು ಐದು ನಿಮಿಷ ಜಾಸ್ತಿ. ಇವತ್ತು ಮಾತ್ರ!"

ನಗು ಸೂರಿಗೆ ಬಡಿಯಿತು. ಗುಂಡಿ ಅಳುತ್ತಾ ನಗುತ್ತಾ ಉಂಡಳು.

ಈಗ ಪಾತ್ರೆ ದೊಡ್ಡದಾಗಿದೆ. ವಾರಕ್ಕೆರಡು ದಿನ ಮೀನೂ ಉಂಟು. ಆಲೂಗೆಡ್ಡೆ ಹೆಚ್ಚಾಗಿ ಓವನ್ನಿನಲ್ಲಿ ಬೇಯುತ್ತದೆ, ಎಣ್ಣೆಯಲ್ಲಿ ಈಜುವುದು ಅಪರೂಪ. ಎಲ್ಲರಿಗೂ ಒಂದೇ ಥರ ಫಲ ಸಿಕ್ಕಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳುತ್ತಾರೆ. ಕೆಲವರಿಗೆ ಸುಸ್ತು ಕಡಿಮೆಯಾಗಿದೆ, ಕೆಲವರ ತೂಕ ಇಳಿದಿದೆ, ಕೆಲವರಲ್ಲಿ ಏನೂ ಬದಲಾಗಿಲ್ಲ. ಮಾತ್ರೆ, ನಡಿಗೆ, ತಪಾಸಣೆ ಮುಂದುವರಿದಿವೆ. ಗುಂಡಿಗೆ ಮಾತ್ರ ಹೋದ ತಿಂಗಳು ಕುಣಿಯುವಷ್ಟು ಖುಷಿ. ಊಟದ ಸಾಲಿನಲ್ಲೇ, "ಅಕ್ಕಾ, ಬಂತು! ಎರಡನೇ ತಿಂಗಳೂ ಸರಿಯಾಗಿ ಬಂತು!" ಎಂದು ಕೂಗಿದಳು. "ಏನೇ ಬಂತು, ಆರ್ಡರಾ?" ಎಂದು ಮೇಡಂ ಗೊಗ್ಗರಿಸಿದರು. ಅವರ ತುಟಿಯ ಹೊಲಿಗೆಯೂ ಅಂದು ಬಿಟ್ಟಿತು.

ಬಿಸಿಲೇರುತ್ತಿದೆ. ಸೈರನ್ ಕೂಗುವ ಮೊದಲೇ ಬಾಗಿಲಲ್ಲಿ ಗಲಾಟೆ. ನಾನು ಮುಂದೆ, ನೀನು ಹಿಂದೆ, ನಿನ್ನೆ ನಿನಗೆ ಎರಡು ಸೌಟು ಬಿತ್ತು, ನನಗೆ ಒಂದೇ. ಗುಂಡಿಯ ದನಿ ಎಲ್ಲರದಕ್ಕಿಂತ ಜೋರು. ಸೌಟಕ್ಕ ಸೆರಗಿನಲ್ಲಿ ಬೆವರು ಒರೆಸಿಕೊಂಡು, ಅವಸರವಿಲ್ಲದೆ ಆ ಗಲಾಟೆಗೆ ಕಿವಿಗೊಡುತ್ತಾರೆ. ಯಾರ ದನಿಯನ್ನೂ ಅನುಕರಿಸದೆ, ತಮ್ಮದೇ ದನಿಯಲ್ಲಿ ಹೇಳುತ್ತಾರೆ:

"ಇಷ್ಟು ವರ್ಷ ಅಡುಗೆ ಸರಿಯಿಲ್ಲ ಅಂತ ನನ್ನ ಜೊತೆ ಜಗಳ ಆಡ್ತಿದ್ರು. ಈಗ ನೋಡಿ, ಅಡುಗೆ ಬೇಕು ಅಂತ ಅವರವರೇ ಜಗಳ ಆಡ್ತಿದ್ದಾರೆ. ಬಾಗಿಲು ತೆಗೀರಪ್ಪಾ, ಹಸಿದಿದ್ದಾರೆ."