ದಾವಲನ ಜೀಪು ನೇಪಾಳ ನೋಡಲಿಲ್ಲ

...ಇಲ್ಲ, ಬೇಸರ ಮಾಡಿಕೊಳ್ಳಬೇಡಿ, ಮತ್ತೆ ಮೊದಲಿನಿಂದ ಹೇಳುತ್ತೇನೆ.
ಎರಡು ಸಲ ಮಾತಾಡಿ ಅಳಿಸಿದೆ.
ಬಸ್ಸಿನಲ್ಲಿದ್ದೇನೆ, ಗೆಳೆಯರ ಗ್ರೂಪಿಗೆ ಟೈಪ್ ಮಾಡಲು ಆಗುತ್ತಿಲ್ಲ... ನಾನು ಮಾತಾಡುತ್ತೇನೆ, ಮೊಬೈಲು ಬರೆದುಕೊಳ್ಳಲಿ.

ಸವಣೂರಿನ ದಾವಲ್ ಇನ್ನಿಲ್ಲ.
ಮೊನ್ನೆ ಭಾನುವಾರ ಜೊತೆಗೆ ಕೂತು ಚಹಾ ಕುಡಿದಿದ್ದೇವೆ. ಹೇಗೆ ನಂಬುವುದು...

ಇವತ್ತು ಬೆಳಿಗ್ಗೆ ಗ್ಯಾರೇಜಿನ ಶಟರ್ ಎತ್ತಿ ಸ್ಟೂಲಿನ ಮೇಲೆ ಕೂತವನು ಹಾಗೇ ಗೋಡೆಗೆ ಒರಗಿದನಂತೆ.
ಅವನ ತಮ್ಮ ರಫೀಕ ಫೋನ್ ಮಾಡಿ ಹೇಳಿದ.
ನಾನು ಹಿರೇಕೆರೂರಿನ ನನ್ನ ಅಂಗಡಿಯಲ್ಲಿ ಗೋವಿನಜೋಳ ತೂಗಿಸುತ್ತಿದ್ದೆ. "ಹೂಂ, ಹೂಂ" ಅಂದು ಫೋನ್ ಇಟ್ಟೆ. ಇನ್ನೂ ಎರಡು ಚೀಲ ತೂಗಿಸಿದೆ.
ಆಮೇಲೆ ತಿಳಿಯಿತು, ಏನು ಕೇಳಿಸಿಕೊಂಡೆ ಅಂತ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಾವಲ್ ಜೀಪ್ ಮೆಕ್ಯಾನಿಕ್. ನನ್ನ ವಾರಿಗೆಯವನು.
ಹನ್ನೊಂದು ವರ್ಷದ ಹಿಂದೆ ನನ್ನ ಹಳೆಯ ಜೀಪನ್ನು ಅವನೇ ತೆಗೆದುಕೊಂಡ. ಆದರೆ ಆರ್‌ಸಿ ಇವತ್ತಿಗೂ ನನ್ನ ಹೆಸರಿನಲ್ಲೇ ಇದೆ.
ನಮ್ಮ ಕಡೆ ಹಾಗೇ... ಗೆಳೆಯರ ನಡುವೆ ಕಾಗದ ಕೇಳಿದರೆ ಅದು ಅವಮಾನ.
"ನಮ್ಮಿಬ್ಬರೊಳಗ ಎಂಥಾ ಹೆಸರಲೇ ಬಸ್ಯಾ" ಅಂದುಬಿಟ್ಟಿದ್ದ.

ಆ ಜೀಪಿನಲ್ಲಿ ನೇಪಾಳಕ್ಕೆ ಹೋಗಬೇಕು ಅನ್ನುವುದು ಅವನ ಒಂದೇ ಹಟ.
ಸವಣೂರಿನಿಂದ ಗೋರಖಪುರ, ಗಡಿ ದಾಟಿ ಪೋಖರಾ, ಅಲ್ಲಿಂದ ಮೇಲೆ ಹಿಮದ ಬೆಟ್ಟಗಳ ಬುಡದ ತನಕ...

ಅವನು ಪ್ಲಾನ್ ಮಾಡುವ ರೀತಿ ನೀವು ನೋಡಬೇಕಿತ್ತು.
ಭಾನುವಾರ ಶಿಗ್ಗಾಂವಿಯಲ್ಲಿ ಹೈವೇ ಪಕ್ಕದ ಚಹಾದಂಗಡಿ. ಉತ್ತರ ಭಾರತದ ನಂಬರಿನ ಲಾರಿ ನಿಂತರೆ ಸಾಕು, ಡ್ರೈವರನಿಗೆ ಒಂದು ಚಹಾ ಹೇಳಿ ಪಕ್ಕದಲ್ಲಿ ಕೂರುತ್ತಿದ್ದ. ಎಲ್ಲಿ ರಸ್ತೆ ಕುಸಿಯುತ್ತದೆ, ಎಲ್ಲಿ ಡೀಸೆಲ್ ಸಿಗುವುದಿಲ್ಲ, ಎಲ್ಲಿ ಮಲಗಬಹುದು... ಎಲ್ಲವನ್ನೂ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಳ್ಳುತ್ತಿದ್ದ.
ನಾನು ಮೊಬೈಲಿನ ಮ್ಯಾಪ್ ತೋರಿಸಿದರೆ,
"ಅದಕ್ಕ ಹಸಿವು ಆಕ್ಕೈತೇನಲೇ? ನಿದ್ದಿ ಬರ್ತೈತೇನು? ಹೋಗಿ ಬಂದಾಂವನ್ನ ಕೇಳಬೇಕು" ಅನ್ನುತ್ತಿದ್ದ.

ಒಮ್ಮೆ ಒಬ್ಬ ಡ್ರೈವರ್ ಹೇಳಿದ, ಗಾಡಿಯ ಕಾಗದ ಯಾರ ಹೆಸರಿನಲ್ಲಿದೆಯೋ ಅವರು ಗಡಿಯಲ್ಲಿ ಜೊತೆಗಿರಬೇಕು, ಇಲ್ಲದಿದ್ದರೆ ದಿನಗಟ್ಟಲೆ ಕೂರಿಸುತ್ತಾರೆ ಅಂತ.
ಅಂದರೆ, ನಾನು ಹೋಗದೆ ದಾವಲ್ ಹೋಗುವ ಹಾಗಿಲ್ಲ.

ನಾನು ಹೋಗಲಿಲ್ಲ.
ಒಂದು ವರ್ಷ ಸುಗ್ಗಿ ಅಂದೆ. ಒಂದು ವರ್ಷ ಮಗಳ ಪರೀಕ್ಷೆ. ಇನ್ನೊಂದು ವರ್ಷ ಸೊಂಟನೋವು.
ಹೋದ ವರ್ಷ ಸಾಕಾಗಿ, "ಹೆಸರು ನಿಂದ ಮಾಡ್ಕೋ ಮಾರಾಯಾ, ಸಹಿ ಹಾಕ್ತೇನಿ, ನೀ ಹೋಗಿ ಬಾ" ಅಂದೆ.
"ಒಬ್ಬಾಂವ ಹೋಗಿ, ರಸ್ತಿ ಕೆಟ್ಟೈತಿ ಅಂತ ಯಾರ ಮುಂದ ಬೈಲಿ?" ಅಂದ.

ದಾವಲಾ...
ಈಗ ಹೇಳ್ತೇನಿ ಕೇಳು.
ಸುಗ್ಗಿನೂ ಅಲ್ಲ, ಸೊಂಟಾನೂ ಅಲ್ಲಲೇ.
ನನಗ ಘಟ್ಟದ ರಸ್ತಿ ಅಂದ್ರ ಹೆದರಿಕಿ.
ಕಾರವಾರಕ್ಕ ಹೋದಾಗ ಅರಬೈಲ್ ಘಟ್ಟದಾಗ ನಿದ್ದಿ ಹತ್ತೈತಿ ಅಂದಿದ್ನಲ್ಲ... ನಿದ್ದಿ ಎಲ್ಲಿಂದು. ಕಣ್ಣು ಮುಚ್ಚಿ ಕುಂತಿದ್ದೆ.
ಐವತ್ತು ವರ್ಷದ ಗಂಡಸು, ಇದನ್ನ ಹೆಂಗ ಹೇಳ್ಲಿ? ನೀ ಚಹಾದಂಗಡ್ಯಾಗ ಎಲ್ಲಾರ ಮುಂದ ನಗ್ತಿದ್ದಿ.
ನಾ ಒಂದು ಮಾತು ಖರೇ ಹೇಳಿದ್ರ, ಕಾಗದ ನಿನ್ನ ಹೆಸರಿಗಿ ಮಾಡ್ಸಿ, ಬ್ಯಾರೆ ಯಾರನ್ನರ ಕರಕೊಂಡು ಹೋಗಿ ಬಂದಿರ್ತಿದ್ದಿ. ಆ ಬೆಟ್ಟ ನೋಡಿರ್ತಿದ್ದಿ.
ಅದು ನನ್ನ ತಪ್ಪು. ಯಾರು ಏನು ಸಮಾಧಾನ ಹೇಳಿದ್ರೂ ನನ್ನ ತಪ್ಪ...

ಹಾವೇರಿಯಲ್ಲಿ ಬಸ್ ಬದಲಿಸುವಾಗ ರಫೀಕನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.
ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ,
"ಬಸಣ್ಣಾರ, ಅದು ಅಣ್ಣಗ ಗೊತ್ತಿತ್ರಿ" ಅಂದ.
"ಏನ್ ಗೊತ್ತಿತ್ತೋ?"
"ನೀವು ಹೆದರ್ತೀರಿ ಅನ್ನೂದು. ಹೋದ ತಿಂಗಳ ಜೀಪಿನ ಎಡಗಡಿ ಬಾಗಲಕ್ಕ ದಪ್ಪನ ಪಡದೆ ಹಾಕ್ಯಾನ್ರಿ. ಹಿಡ್ಕೊಳ್ಳಾಕ ಕಬ್ಬಿಣದ ಹಿಡಿ ಒಂದು ವೆಲ್ಡಿಂಗ್ ಮಾಡ್ಯಾನ. ಯಾಕ ಅಂತ ಕೇಳಿದ್ರ, 'ಬಸ್ಯಾ ಕಣ್ಣು ಮುಚ್ಚಿಕೊಂಡರ ಬರ್ಲಿ, ಬೆಟ್ಟ ಹೆಂಗೈತಿ ಅಂತ ನಾ ಹೇಳ್ತೇನಿ ಅವಗ' ಅಂದಿದ್ದ."

ಮೊನ್ನೆ ಭಾನುವಾರ ಇದ್ಯಾವುದನ್ನೂ ನನ್ನ ಮುಂದೆ ಹೇಳಲಿಲ್ಲ ಅವನು.
"ಮಳಿಗಾಲ ಮುಗೀಲಿ, ನೋಡೂಣು" ಅಂದಿದ್ದ, ಅಷ್ಟೇ.

ಈ ಬಸ್ಸು ಹೇಗೆ ಹತ್ತಿದೆನೋ ನೆನಪಿಲ್ಲ.
ತುಂಬ ದಣಿವಾಗಿದೆ... ಅಳುವುದಕ್ಕೂ ತ್ರಾಣ ಇಲ್ಲ.

ಹಾನಗಲ್, ಶಿಗ್ಗಾಂವಿ ಕಡೆಯ ಗೆಳೆಯರು ನೇರ ಸವಣೂರಿಗೆ, ಮನೆಗೇ ಬನ್ನಿ. ಮಧ್ಯಾಹ್ನದ ನಮಾಜು ಆದ ಮೇಲೆ ಮಣ್ಣು ಮಾಡುತ್ತಾರೆ.
ಇನ್ನೂ ಹೇಳುವುದಿತ್ತು... ತಡೀರಿ, ರಫೀಕನ ಫೋನ್ ಬಂತು.

...

"ಎಲ್ಲಿ ಬಂದ್ರಿ ಬಸಣ್ಣಾರ?" ಅಂದ.
"ಊರು ಹತ್ರ ಬಂತಪ್ಪ. ನನ್ನ ಸಲುವಾಗಿ ತಡಾ ಮಾಡಬ್ಯಾಡ್ರಿ" ಅಂದೆ.
"ಎಲ್ಲಾರೂ ಮುಖ ನೋಡಿದ್ರು. ನೀವೊಬ್ರ ಉಳದೀರಿ. ನೀವು ಬರೂತನಕ ಮುಖ ಮುಚ್ಚಗೊಡೂದಿಲ್ಲಂತ ಅವ್ವ ಕುಂತಾಳ್ರಿ" ಅಂದ.

ಇನ್ನು ಇಡುತ್ತೇನೆ. ಇಳಿಯಬೇಕು.

ಮಣ್ಣು ನಿನ್ನ ಮೈಗೆ ಹಗುರಾಗಲಿ, ಗೆಳೆಯಾ. ಆ ದೇವರು ನಿನ್ನ ಜೀವವನ್ನು ತಣ್ಣಗಿಡಲಿ.