ಹೆಸರಿನ ಸಾಲು

ಹುಬ್ಬಳ್ಳಿಯಲ್ಲಿ ಕ್ಯಾಥೊಲಿಕ್ ಪಾದ್ರಿಗಳು ನಡೆಸುತ್ತಿದ್ದ ಛಾಪಖಾನೆಯಲ್ಲಿ ಇನ್ನಾಸಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಜಪದ ಪುಸ್ತಕವಿರಲಿ, ಸಂತರ ಚರಿತ್ರೆಯಿರಲಿ, ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕಲೇಬೇಕು. ಇಲ್ಲದಿದ್ದರೆ ಮುಂದಿನ ಪುಟಕ್ಕೆ ಅಕ್ಷರ ಸಾಲದು. ಸತ್ತವರಿಗಾಗಿ ಇಗರ್ಜಿಯಲ್ಲಿ ಹಂಚುವ ಪ್ರಾರ್ಥನೆಯ ಕಾರ್ಡಿನ ಮೊಳೆಗಳನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ಪ್ರಾರ್ಥನೆ ಎಲ್ಲರಿಗೂ ಒಂದೇ, ಬದಲಾಗುವುದು ಹೆಸರಿನ ಸಾಲಷ್ಟೇ. ಇನ್ನಾಸಪ್ಪ ಏನೋ ಗುನುಗುತ್ತಲೇ ಹಳೆಯ ಹೆಸರು ಕಿತ್ತು ಹೊಸದನ್ನು ಕೂಡಿಸುತ್ತಿದ್ದ. ಕಲ್ಲೆದೆಯಲ್ಲ, ರೂಢಿ.

೧೯೩೪ರ ಬೇಸಿಗೆಯಲ್ಲಿ ಅವನ ಒಬ್ಬಳೇ ಮಗಳು ಸೆಲೀನಾ ಜ್ವರದಿಂದ ತೀರಿಕೊಂಡಳು. ಅವಳ ಹೆಸರನ್ನೂ ಅವನೇ ಜೋಡಿಸಿದ.

ಮರುವಾರ ಮುದುಕರೊಬ್ಬರು ತೀರಿಕೊಂಡರು. ಅವರ ಕಾರ್ಡು ಅಚ್ಚಾಗಬೇಕಿತ್ತು. ಇನ್ನಾಸಪ್ಪ ಮಗಳ ಹೆಸರಿನ ಮುಂದೆ ಚಿಮಟ ಹಿಡಿದು ನಿಂತೇಬಿಟ್ಟ.

ಯಂತ್ರ ನಡೆಸುವ ಶಾಬುದ್ದೀನ ಹತ್ತಿರ ಬಂದ. "ನೀವು ಸರೀರಿ ಕಾಕಾ, ನಾ ತಗೀತೇನಿ."

"ಬ್ಯಾಡೋ ಶಾಬು. ಆಕಿಗೆ ಹೆಸರಿಟ್ಟಾಂವ ನಾನ. ತಗಿಯಾಂವನೂ ನಾನ ಆಗಬೇಕು."

ಒಂದೊಂದೇ ಮೊಳೆ ತೆಗೆದು, ಒರೆಸಿ, ಅದರದರ ಖಾನೆಗೆ ಹಾಕಿದ.

ಆಮೇಲೆ ಆ ಸಾಲು ಬದಲಿಸುವಾಗ ಇನ್ನಾಸಪ್ಪ ಗುನುಗಿದ್ದನ್ನು ಯಾರೂ ಕೇಳಲಿಲ್ಲ.