ಎಣಿಸದ ನಾಡಿ

ತಿಪ್ಪಮ್ಮ, ಆ ಮಧ್ಯಾಹ್ನ ನಿಮ್ಮ ಮಗಳು ಮಂಜುಳಾಳ ನಾಡಿಯನ್ನು ನಾನು ಎಣಿಸಲಿಲ್ಲ. ಎಂಬತ್ತನಾಲ್ಕು ಎಂದು ಹಾಳೆಯಲ್ಲಿ ಬರೆದೆ—ಅದು ಸುಳ್ಳು.

ಸಿರುಗುಪ್ಪದ ಆ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿ ಏಳು ತಿಂಗಳಾಗಿತ್ತು. ಹೆರಿಗೆ ವಾರ್ಡಿನ ಹಾಳೆಯಲ್ಲಿ ಹೊಸದೊಂದು ಕಾಲಂ ಬಂದಿತ್ತು: ನಾಡಿಯ ಬಡಿತವನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿ ಬರೆಯಬೇಕು. ಒಳಗೆ ರಕ್ತ ಸೋರುತ್ತಿದ್ದರೆ ಬಿಪಿ ಕುಸಿಯುವ ಮೊದಲೇ ನಾಡಿ ಓಡತೊಡಗುತ್ತದೆ; ಉತ್ತರ ಒಂದರ ಹತ್ತಿರ ಬಂದರೆ ತಕ್ಷಣ ಡಾಕ್ಟರನ್ನು ಕರೆಯಬೇಕು. ಬಳ್ಳಾರಿಯಲ್ಲಿ ಓದಿ ಬಂದವಳೆಂದು ಅದನ್ನು ಉಳಿದವರಿಗೆ ಹೇಳಿಕೊಟ್ಟವಳೂ ನಾನೇ. ಆದರೆ ನಮ್ಮ ಮುಳ್ಳಿನ ಬಿಪಿ ಮಶೀನು ನಾಡಿ ತೋರಿಸುತ್ತಿರಲಿಲ್ಲ. ಬಿಪಿ ನೋಡುತ್ತಿದ್ದೆವು, ನಾಡಿಯನ್ನು ಮುಖ ನೋಡಿ ಅಂದಾಜಿನಲ್ಲಿ ಬರೆಯುತ್ತಿದ್ದೆವು. "ಒಬ್ಬೊಬ್ಬರ ಕೈ ಹಿಡ್ಕೊಂಡು ಎಣಿಸ್ಕೋತ ನಿಂತ್ರ ಊಟ ನಾಳಿಗೇನವ್ವ?" ಎಂದು ಹಿರಿಯ ಸಿಸ್ಟರ್ ನಗುತ್ತಿದ್ದರು. ನಾನೂ ನಕ್ಕು, ಹಾಗೇ ಬರೆಯಲು ಕಲಿತೆ.

ಮಧ್ಯಾಹ್ನ ಎರಡು ಗಂಟೆ; ಮಗು ಹುಟ್ಟಿ ಒಂದು ಗಂಟೆಯಾಗಿತ್ತು. ನೀವು ಮಂಚದ ಪಕ್ಕ ನಿಂತು ಹೇಳಿದಿರಿ, "ಸಿಸ್ಟರಮ್ಮ, ಈಕಿ ಎದಿ ಡವಡವ ಹೊಡ್ಕೊಳ್ಳಾಕತ್ತೈತಂತ. ಒಂದೀಟು ಕೈ ಹಿಡಿದು ನೋಡ್ರಿ."

ಬಿಪಿಯ ಮೇಲಿನ ಅಂಕಿ ನೂರ ಹತ್ತು. ಎಂಬತ್ತನಾಲ್ಕನ್ನು ನೂರ ಹತ್ತರಿಂದ ಭಾಗಿಸಿದೆ—ಸೊನ್ನೆ ಪಾಯಿಂಟ್ ಏಳು ಆರು. ಭಾಗಾಕಾರದಲ್ಲಿ ತಪ್ಪಿರಲಿಲ್ಲ.

"ಲೆಕ್ಕ ಹಾಕೀನಿ, ಎಲ್ಲಾ ಸರಿ ಐತ್ರಿ."

"ನೀ ಅಂದ ಮ್ಯಾಲ ಮುಗೀತು ಬಿಡವ್ವ, ಓದಿದಾಕಿ" ಎಂದು ನಕ್ಕಿರಿ. ಅವಳನ್ನು ಎಬ್ಬಿಸಿ ಕೂರಿಸಿ ಬಿಸಿನೀರು ಕುಡಿಸಿದಿರಿ.

ಮುಕ್ಕಾಲು ಗಂಟೆಯ ಮೇಲೆ ಅವಳು ಬೆವೆತು ತಣ್ಣಗಾದಾಗ ಮೊದಲ ಸಲ ಅವಳ ಮಣಿಕಟ್ಟು ಹಿಡಿದೆ. ನೂರ ನಲವತ್ತರವರೆಗೆ ಎಣಿಸಿದೆ, ಮುಂದೆ ಬೆರಳಿಗೆ ಸಿಗಲಿಲ್ಲ. ಬಳ್ಳಾರಿಗೆ ಹೊರಟ ಆಂಬುಲೆನ್ಸಿನಲ್ಲಿ ನಾನೂ ಇದ್ದೆ. ಕುರುಗೋಡಿನ ತಿರುವು ಬರುವಷ್ಟರಲ್ಲಿ—ನನ್ನ ಬೆರಳು ಅಲ್ಲೇ ಇತ್ತು, ತಿಪ್ಪಮ್ಮ.

ಆಮೇಲೆ ಡಾಕ್ಟರ್ ನನ್ನ ಹಾಳೆ ನೋಡಿ, ಎರಡು ಗಂಟೆಗೂ ಎಲ್ಲ ಸರಿಯಿತ್ತು, ಇದ್ದಕ್ಕಿದ್ದಂತೆ ಆಗಿದೆ ಎಂದರು. ನೀವು ನನ್ನ ಕೈ ಹಿಡಿದು ಕೇಳಿದಿರಿ, "ನಾ ಎಬ್ಬಿಸಿ ಬಿಸಿನೀರು ಕುಡಿಸಿದ್ದಕ್ಕ ನೆತ್ತರ ಹರೀತೇನವ್ವ?"

ನಾನು ಇಲ್ಲ ಎನ್ನಲಿಲ್ಲ. ತಲೆ ತಗ್ಗಿಸಿದೆ. ಅದನ್ನು ನೀವು ಹೌದೆಂದು ತಿಳಿದಿರಿ—ಹಾಗೆ ತಿಳಿಯಲೆಂದೇ ತಗ್ಗಿಸಿದೆ.

ನಾಲ್ಕು ವರ್ಷವಾಯಿತು. ಈಗ ನಾನು ಬಳ್ಳಾರಿಯಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ನಿಮ್ಮೂರು ರಾರಾವಿಯಿಂದ ತಪಾಸಣೆಗೆ ಬಂದಿದ್ದ ನಿಮ್ಮ ಓಣಿಯ ಹೆಂಗಸೊಬ್ಬರು ಹೇಳಿದರು: ಮೊಮ್ಮಗಳಿಗೆ ನೀವು ಇಂದಿಗೂ ನಿಮ್ಮ ಕೈಯಿಂದ ನೀರು ಕುಡಿಸುವುದಿಲ್ಲವಂತೆ. ಮಗು ಕೇಳಿದರೆ ಪಕ್ಕದ ಮನೆಯವರನ್ನು ಕೂಗುತ್ತೀರಂತೆ.

ಎಣಿಸಿದ್ದರೆ ಮಂಜುಳಾ ಬದುಕುತ್ತಿದ್ದಳೇ—ನನಗೆ ಗೊತ್ತಿಲ್ಲ. ಆ ಮುಕ್ಕಾಲು ಗಂಟೆ ಅವಳದಾಗಿತ್ತು. ಅದನ್ನು ಕಿತ್ತುಕೊಂಡವಳು ನಾನು.

ನಡೆದದ್ದನ್ನು ಆಸ್ಪತ್ರೆಗೆ ಬರೆದು ಕೊಟ್ಟಿದ್ದೇನೆ. ನಿಮಗೆ ಓದಲು ಬರುವುದಿಲ್ಲ. ಬೇರೆಯವರಿಂದ ಓದಿಸಿಕೊಳ್ಳುವ ಮಾತೂ ಇದಲ್ಲ. ಭಾನುವಾರ ರಾರಾವಿಗೆ ಬಂದು ಈ ಕಾಗದವನ್ನು ನಾನೇ ಓದುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಇಷ್ಟನ್ನಾದರೂ ಹೇಳುತ್ತೇನೆ—ಬಿಸಿನೀರಿನಿಂದ ಆದದ್ದಲ್ಲ, ತಿಪ್ಪಮ್ಮ. ಮಗುವಿಗೆ ನಿಮ್ಮ ಕೈಯಿಂದಲೇ ಕುಡಿಸಿ.